ಹನಿ ಕೇಕ್ ನಿಲ್ಲಿಸುವ ಮುಂಚೆ ಒಂದು ಮಾತು

ಮಾನ್ಯ ಸಂಪಾದಕರೇ,

ನಮಸ್ಕಾರ. ಓದುಗರ ಪತ್ರ ಅಂದರೆ ರಸ್ತೆ ಗುಂಡಿ, ಬೀದಿ ನಾಯಿ, ಬಾರದ ನೀರು, ಬಂದರೂ ನಿಲ್ಲದ ಬಸ್ಸು. ನಾನೂ ಹಿಂದೆ ನಮ್ಮ ಬೀದಿಯ ಮೋರಿ ಬಗ್ಗೆ ಬರೆದಿದ್ದೆ, ನೀವು ಅಚ್ಚು ಹಾಕಿದ್ದಿರಿ. ಮೋರಿ ರಿಪೇರಿಯೂ ಆಯಿತು. ಆ ಧೈರ್ಯದ ಮೇಲೆ ಈಗ ಒಂದು ತಿಂಡಿಯ ಪರವಾಗಿ ಬರೆಯುತ್ತಿದ್ದೇನೆ. ಹನಿ ಕೇಕ್. ದಯವಿಟ್ಟು ನಗಬೇಡಿ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಅಯ್ಯಂಗಾರ್ ಬೇಕರಿ ಇದೆ. ಹೆಸರು ಬರೆಯುವುದಿಲ್ಲ, ಅವರಿಗೆ ಸುಮ್ನೆ ಮುಜುಗರ ಬೇಡ. ಮಾಲೀಕರ ಮಗಳು ಹೈಸ್ಕೂಲಿನಲ್ಲಿ ನನ್ನ ಹತ್ತಿರ ಗಣಿತ ಕಲಿತವಳು. ಹಾಗಾಗಿ ಮಗಳ ಜೊತೆ ಅಪ್ಪನಿಗೂ ನಾನು ‘ಮಿಸ್’. ಮೊನ್ನೆ ಬ್ರೆಡ್ ತರಲು ಹೋದಾಗ ಅವರೇ ಮಾತು ತೆಗೆದರು.

‘ಮಿಸ್, ಯುಗಾದಿ ಆದ್ಮೇಲೆ ಹನಿ ಕೇಕ್ ಮಾಡಲ್ಲ. ನೀವು ತಗೊಳ್ತೀರಲ್ಲ, ಅದಕ್ಕೇ ಮೊದಲೇ ಹೇಳ್ತಿದೀನಿ.’

‘ಯಾಕ್ರೀ?’ ಅಂದೆ.

‘ಯಾರು ತಿಂತಾರೆ ಈಗ? ಸಂಜೆ ಹೊತ್ತಿಗೆ ಅರ್ಧ ಟ್ರೇ ಹಾಗೇ ಉಳ್ಕೊಳುತ್ತೆ.’

ಇಷ್ಟೇ ನಡೆದದ್ದು. ಅವರು ಚಿಲ್ಲರೆ ಎಣಿಸಿ ಕೊಟ್ಟರು, ನಾನು ಬ್ರೆಡ್ ಹಿಡಿದು ಮನೆಗೆ ಬಂದೆ. ರಾತ್ರಿ ಅಡುಗೆ ಮುಗಿದ ಮೇಲೂ ಅದೇ ತಲೆಯಲ್ಲಿ. ನಮ್ಮ ಯಜಮಾನರು, ‘ಅಷ್ಟು ಬೇಜಾರಾದ್ರೆ ಪೇಪರ್‌ಗೆ ಬರಿ’ ಅಂದರು. ತಮಾಷೆಗೆ ಅಂದಿದ್ದು. ನಾನು ತಮಾಷೆಗೆ ತಗೊಳ್ಳಲಿಲ್ಲ.

ಬೆಂಗಳೂರಿನ ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಹನಿ ಕೇಕ್ ಅಂದರೆ ಕ್ರೀಮಿಲ್ಲದ, ಚೌಕವಾಗಿ ಕತ್ತರಿಸಿದ ಕೇಕ್. ಕೆಳಗೆ ಹಳದಿ ಬಣ್ಣದ ಮೆತ್ತನೆ ಕೇಕು, ಅದರೊಳಗೆ ಇಳಿದ ಸಿಹಿ ಪಾಕ. ಮೇಲೆ ಕೆಂಪು ಜಾಮು. ಜಾಮಿನ ಮೇಲೆ ಉದುರಿಸಿದ ಒಣ ಕೊಬ್ಬರಿ ತುರಿ. ಪಾಕದಲ್ಲಿ ಇರುವುದು ಮುಕ್ಕಾಲು ಪಾಲು ಸಕ್ಕರೆ. ಜೇನುತುಪ್ಪ ಎಷ್ಟು ಅನ್ನುವುದು ಬೇಕರಿಯವರ ಮನಸ್ಸಿಗೆ ಬಿಟ್ಟದ್ದು. ನಾವು ಯಾರೂ ಕೇಳಿದವರಲ್ಲ. ಕೈಗೆ ತಗೊಂಡರೆ ಬೆರಳೆಲ್ಲ ಅಂಟು. ತಿಂದಾದ ಮೇಲೆ ಅಡಿಯ ಕಾಗದ ನೆಕ್ಕುವುದು ಕಡ್ಡಾಯ. ಇಂಥದ್ದನ್ನು ತಟ್ಟೆ ಚಮಚದಲ್ಲಿ ತಿನ್ನುವವರನ್ನು ನೋಡಿದರೆ ನನಗೆ ಪಾಪ ಅನಿಸುತ್ತದೆ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಅಪ್ಪ ಬಿನ್ನಿ ಮಿಲ್ಲಿನಲ್ಲಿ ಗುಮಾಸ್ತರು. ಸಂಬಳದ ದಿನ ಅವರು ಬರುವ ದಾರಿಯನ್ನು ನಾವು ಮಕ್ಕಳು ವಠಾರದ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆವು. ಕೈಯಲ್ಲಿ ನ್ಯೂಸ್ ಪೇಪರಿನ ಪೊಟ್ಟಣ, ಅದಕ್ಕೆ ಬಿಳಿ ದಾರದ ಕಟ್ಟು. ಪೊಟ್ಟಣದ ಒಂದು ಮೂಲೆ ಒದ್ದೆಯಾಗಿದ್ದರೆ ಹನಿ ಕೇಕ್ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಒಣಗಿದ್ದರೆ ಬೆಣ್ಣೆ ಬಿಸ್ಕತ್ತೋ ಖಾರ ಬನ್ನೋ. ಅದೂ ಒಳ್ಳೆಯದೇ, ಆದರೆ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು. ಆಗ ಒಂದು ತುಂಡಿಗೆ ಎಂಟಾಣೆ ಇತ್ತೆಂದು ನೆನಪು. ಅಮ್ಮ ಅದನ್ನೂ ದುಬಾರಿ ಅನ್ನುತ್ತಿದ್ದಳು.

ನಮ್ಮಜ್ಜಿಯ ಕತೆ ಹೇಳಲೇಬೇಕು. ಅವರು ಮಡಿ ಹೆಂಗಸು. ಬ್ರೆಡ್ ಅಂದರೆ ಮುಟ್ಟುತ್ತಿರಲಿಲ್ಲ. ಹಿಟ್ಟನ್ನು ಹುಳಿ ಬರಿಸುತ್ತಾರೆ, ಯಾರು ಯಾರ ಕೈಯೋ ಏನೋ, ಮೊಟ್ಟೆ ಬೇರೆ ಹಾಕುತ್ತಾರಂತೆ, ಹೀಗೆ ನೂರೆಂಟು ತಕರಾರು. ಆಗಿನ ಕಾಲದ ಎಷ್ಟೋ ಮನೆಗಳಲ್ಲಿ ಬ್ರೆಡ್ ಅಂದರೆ ಜ್ವರ ಬಂದವರ ಊಟ, ಇಲ್ಲವೇ ದಂಡು ಪ್ರದೇಶದವರ ಊಟ. ಆದರೆ ಹನಿ ಕೇಕಿಗೆ ಅಜ್ಜಿ ಒಂದು ವಿನಾಯಿತಿ ಕೊಟ್ಟಿದ್ದರು. ‘ಅಯ್ಯಂಗಾರ್ರು ಮಾಡಿದ್ದು ತಾನೆ? ಮೊಟ್ಟೆ ಇಲ್ಲ ತಾನೆ?’ ಅಂತ ಅಪ್ಪನ ಬಾಯಲ್ಲಿ ಹೇಳಿಸಿಕೊಳ್ಳುತ್ತಿದ್ದರು. ಆಮೇಲೆ ಜಾಮಿರುವ ಮೇಲಿನ ಭಾಗವನ್ನು ಪುಟ್ಟ ಮಕ್ಕಳಿಗೆ ಕೊಟ್ಟು, ಪಾಕ ಇಳಿದ ಕೆಳಭಾಗ ತಾವು ತಿನ್ನುತ್ತಿದ್ದರು. ನಾವು ಅದನ್ನು ತ್ಯಾಗ ಅಂದುಕೊಂಡಿದ್ದೆವು. ಈಗ ನಾನೂ ಆ ವಯಸ್ಸಿಗೆ ಹತ್ತಿರ ಬಂದ ಮೇಲೆ ಗೊತ್ತಾಗಿದೆ, ರುಚಿ ಇರುವುದೇ ಕೆಳಭಾಗದಲ್ಲಿ. ಅಜ್ಜಿ ಜಾಣೆ.

ಅಜ್ಜಿಯಂಥವರ ಮನೆಯೊಳಗೆ ಬೇಕರಿ ತಿಂಡಿ ಕಾಲಿಟ್ಟದ್ದೇ ಈ ಅಯ್ಯಂಗಾರ್ ಬೇಕರಿಗಳಿಂದ. ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ, ಈ ಪರಂಪರೆಯ ಮೊದಲನೆಯದು. ಮೊದಲು ಅವರದು ಸಿಹಿತಿಂಡಿ ಅಂಗಡಿ. ಅಲ್ಲಿಗೆ ಬಂದು ಹೋಗುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಬ್ರೆಡ್ ಸುಡುವುದನ್ನು ಹೇಳಿಕೊಟ್ಟ ಅಂತ ಕತೆ. ಅದೇ 1898ರಲ್ಲೇ ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆ ಜನ ಊರು ಬಿಟ್ಟು ಓಡಿದ್ದು. ಅಂಥ ವರ್ಷದಲ್ಲಿ ಒಬ್ಬರು ಭಟ್ಟಿ ಹಚ್ಚಿ ಕೂತಿದ್ದರಲ್ಲ, ಅವರ ಎದೆಗಾರಿಕೆ ದೊಡ್ಡದು! ಆಮೇಲೆ ಹಾಸನ ಕಡೆಯ ಹಳ್ಳಿಗಳಿಂದ ಅಣ್ಣ, ತಮ್ಮ, ಭಾವ, ಭಾವನ ಮಗ ಅಂತ ಒಬ್ಬರ ಹಿಂದೆ ಒಬ್ಬರು ಬಂದು ಬೆಂಗಳೂರಿನ ಬಡಾವಣೆಗಳಲ್ಲೆಲ್ಲ ಬೇಕರಿ ತೆರೆದರು. ಮುಂಬೈ, ಪುಣೆಯವರೆಗೂ ಹೋದರು. ಪುಣೆಯಲ್ಲಿರುವ ನನ್ನ ತಮ್ಮ ಮೊದಲ ಸಲ ಅಲ್ಲಿನ ‘ಅಯ್ಯಂಗಾರ್ ಬೇಕರಿ’ಗೆ ಹೋಗಿ ಹಿಂದಿಯಲ್ಲಿ ಕೇಳಿದನಂತೆ. ಕೌಂಟರಿನಲ್ಲಿದ್ದವರು ಇವನ ಹಿಂದಿ ಕೇಳಿ, ‘ಯಾವೂರು ಸಾರ್, ಬೆಂಗ್ಳೂರಾ?’ ಅಂದರಂತೆ. ಈಗ ಎಷ್ಟೋ ಬೇಕರಿಗಳ ಬೋರ್ಡಿನಲ್ಲಿ ಅಯ್ಯಂಗಾರ್ ಅಂತ ಇದ್ದರೂ ನಡೆಸುವವರು ಬೇರೆ ಸಮುದಾಯದವರು. ಅದರಲ್ಲಿ ನನಗೇನೂ ಬೇಜಾರಿಲ್ಲ. ಪಾಕ ಸರಿಯಾಗಿ ಇಳಿದಿದ್ದರೆ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಹನಿ ಕೇಕ್ ಬೆಂಗಳೂರಿನಿಂದಲೇ ಮಾಯವಾಗುತ್ತಿದೆ ಅಂತ ನಾನು ಬೊಬ್ಬೆ ಹೊಡೆಯುತ್ತಿಲ್ಲ. ಇನ್ನೂ ಬಹಳ ಕಡೆ ಸಿಗುತ್ತದೆ. ಆದರೆ ನಮ್ಮ ಬೇಕರಿಯವರು ಹೇಳಿದ ಮೇಲೆ ಸುತ್ತಮುತ್ತ ವಿಚಾರಿಸಿಕೊಂಡು ಬಂದೆ. ಒಂದು ಕಡೆ ‘ಭಾನುವಾರ ಮಾತ್ರ ಮೇಡಂ’ ಅಂದರು. ಇನ್ನೊಂದು ಕಡೆ ‘ಆರ್ಡರ್ ಕೊಟ್ರೆ ಮಾಡಿಸ್ತೀವಿ, ಒಂದು ಕೆಜಿ ತಗೋಬೇಕು.’ ಮತ್ತೊಂದು ಹೊಸ ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕ್ರೀಮ್ ಬಳಿದ ಏನನ್ನೋ ತೋರಿಸಿ ಇದೇ ಹನಿ ಕೇಕ್ ಅಂದರು. ಬೆಲೆ ಕೇಳಿ ನಮಸ್ಕಾರ ಹೇಳಿ ಬಂದೆ. ಅಂದರೆ ಯಾರೂ ನಿಲ್ಲಿಸಿಲ್ಲ, ಎಲ್ಲರೂ ಕಡಿಮೆ ಮಾಡುತ್ತಿದ್ದಾರೆ. ನನಗೆ ಹೆದರಿಕೆ ಇರುವುದೇ ಇದರ ಬಗ್ಗೆ.

ಕಂಪನಿಯ ತಿಂಡಿಯಾದರೆ ಹೀಗಾಗುವುದಿಲ್ಲ ನೋಡಿ. ಅಮೆರಿಕದಲ್ಲಿ ಟ್ವಿಂಕಿ ಅಂತ ಒಂದು ಪೊಟ್ಟಣದ ಕೇಕ್ ಇದೆ. ಬೆರಳುದ್ದದ ಕೇಕು, ಒಳಗೆ ಬಿಳಿ ಕ್ರೀಮು. 1930ರಿಂದ ಅಲ್ಲಿನ ಮಕ್ಕಳು ತಿಂದು ಬೆಳೆದ ತಿಂಡಿ. 2012ರ ನವೆಂಬರಿನಲ್ಲಿ ಅದನ್ನು ಮಾಡುವ ಹೋಸ್ಟೆಸ್ ಕಂಪನಿ ಬಾಗಿಲು ಹಾಕುತ್ತೇವೆ ಅಂತ ಪ್ರಕಟಿಸಿದಾಗ ಜನ ಅಂಗಡಿಗಳಿಗೆ ನುಗ್ಗಿ ಪೆಟ್ಟಿಗೆಗಟ್ಟಲೆ ಕೊಂಡರು. ನನ್ನ ಅಕ್ಕನ ಮಗ ಆಗ ಅಲ್ಲಿ ಓದುತ್ತಿದ್ದ. ‘ಚಿಕ್ಕಮ್ಮ, ಇಲ್ಲಿ ಕೇಕಿಗೆ ಸೂತಕ’ ಅಂತ ಫೋನಿನಲ್ಲಿ ನಗುತ್ತಿದ್ದ. ಕಡೆಗೆ ಹೊಸ ಮಾಲೀಕರು ಬಂದು 2013ರ ಜುಲೈನಲ್ಲಿ ಮತ್ತೆ ಮಾರಾಟ ಶುರು ಮಾಡಿದರು. ಅಷ್ಟು ದೂರ ಯಾಕೆ, ಮುಂಬೈ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಬಿ. ಮೆರ್ವಾನ್ ನೋಡಿ. 1914ರ ಇರಾನಿ ಹೋಟೆಲು, ಖೋವಾ ಹಾಕಿದ ಮಾವಾ ಕೇಕಿಗೆ ಹೆಸರುವಾಸಿಯಾಗಿತ್ತು. 2014ರಲ್ಲಿ ಮುಚ್ಚುತ್ತಾರೆ ಅಂತ ಸುದ್ದಿ ಬಂದದ್ದೇ ತಡ, ಕೊನೆಯ ಮಾವಾ ಕೇಕಿಗೆ ಜನ ಮುಗಿಬಿದ್ದರು. ಆ ಸಲ ಮುಚ್ಚಿದ ಹೋಟೆಲು ಮತ್ತೆ ತೆರೆಯಿತು. ನಮ್ಮ ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗಲೂ ಕೊನೆಯ ದಿನಗಳಲ್ಲಿ ಜನ ಹುಡುಕಿಕೊಂಡು ಹೋದರು, ಪತ್ರಿಕೆಗಳಲ್ಲಿ ಫೋಟೊ ಬಂತು.

ಹನಿ ಕೇಕಿಗೆ ಕಂಪನಿ ಇಲ್ಲ, ಮಾಲೀಕರಿಲ್ಲ, ಪ್ರಕಟಣೆ ಹೊರಡಿಸುವವರಿಲ್ಲ. ಧಾರವಾಡ ಪೇಡಕ್ಕಿರುವ ಹಾಗೆ, ಇಂಥ ಊರಿನ ತಿಂಡಿ ಅಂತ ಸಾರುವ ಜಿಐ ಗುರುತೂ ಇಲ್ಲ. ಒಂದು ಬೇಕರಿಯಲ್ಲಿ ಒಂದು ಟ್ರೇ ಕಮ್ಮಿ ಆಗುತ್ತದೆ. ಮುಂದಿನ ವರ್ಷ ಇನ್ನೊಂದು ಬೇಕರಿಯಲ್ಲಿ. ಯಾವ ದಿನ ಸಾಲು ನಿಲ್ಲಬೇಕು ಅಂತ ಯಾರಿಗೆ ಗೊತ್ತಾಗಬೇಕು?

ನಿಲ್ಲಿಸಲು ಕಾರಣವೇನು ಅಂತ ಮಾರನೇ ದಿನ ಮತ್ತೆ ಹೋಗಿ ಕೂತು ಕೇಳಿದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು. ಅವರು ಸ್ಟೂಲ್ ಹಾಕಿ, ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ ಕೊಟ್ಟು, ಎಲ್ಲ ಬಿಡಿಸಿ ಹೇಳಿದರು. ಟೀಚರ್ ಬುದ್ಧಿ, ನಾನು ಬರೆದುಕೊಂಡೆ.

ಮೊದಲನೆಯದು ಕೆಲಸ. ಬನ್ನು, ಬ್ರೆಡ್ಡು ಭಟ್ಟಿಯಿಂದ ಇಳಿದರೆ ಮುಗಿಯಿತು. ಹನಿ ಕೇಕಿನ ಕೆಲಸ ಅಲ್ಲಿಂದ ಶುರು. ರಾತ್ರಿಯೇ ಕೇಕ್ ಬೇಯಿಸಿ ಆರಲು ಬಿಡಬೇಕು. ಬೆಳಿಗ್ಗೆ ಮೇಲಿನ ಕಂದು ಪದರ ತೆಳ್ಳಗೆ ಹೆರೆಯಬೇಕು, ಇಲ್ಲದಿದ್ದರೆ ಪಾಕ ಒಳಗೆ ಇಳಿಯುವುದಿಲ್ಲ. ಪಾಕ ಬೆರಳಿಗೆ ಅಂಟಬೇಕು, ಆದರೆ ಎಳೆ ಬರಬಾರದು. ಎಳೆ ಬಂತೋ, ಮೇಲೇ ನಿಂತು ಸಕ್ಕರೆಗಟ್ಟುತ್ತದೆ. ನೀರಾಯಿತೋ, ಕೇಕ್ ಮುದ್ದೆ. ಅದನ್ನು ಒಂದೇ ಸಲ ಸುರಿಯುವ ಹಾಗಿಲ್ಲ, ಬಿಟ್ಟು ಬಿಟ್ಟು ಕುಡಿಸಬೇಕು. ಆಮೇಲೆ ಜಾಮಿಗೆ ಸ್ವಲ್ಪ ನೀರು ಸೇರಿಸಿ ಬಿಸಿ ಮಾಡಿ ಬಳಿಯಬೇಕು, ಕೊಬ್ಬರಿ ಉದುರಿಸಬೇಕು, ಪ್ರತಿ ಸಾಲಿಗೂ ಚಾಕು ಒರೆಸಿ ಕತ್ತರಿಸಬೇಕು. ಇದನ್ನೆಲ್ಲ ಮಾಡುತ್ತಿರುವುದು ಅವರ ಹಳೆಯ ಮಾಸ್ಟರ್ ಒಬ್ಬರೇ. ಅವರು ಹೊಳೆನರಸೀಪುರದ ಕಡೆಯವರು. ಯುಗಾದಿಗೆ ಊರಿಗೆ ಹೋದರೆ ಮತ್ತೆ ಬರುವುದಿಲ್ಲವಂತೆ. ಮಂಡಿ ನೋವು. ಭಟ್ಟಿ ಮುಂದೆ ನಿಲ್ಲಲು ಆಗುವುದಿಲ್ಲ. ಕಲಿಯಲು ಬಂದ ಹುಡುಗರು ಪೇಸ್ಟ್ರಿ ಅಲಂಕಾರ ಕಲಿತು ಹೊರಟುಹೋದರು. ಹೋಗಲಿ ಬಿಡಿ, ಅದಕ್ಕೆ ಸಂಬಳ ಜಾಸ್ತಿ.

ಎರಡನೆಯದು ಬಾಳಿಕೆ. ಈ ಕೇಕ್ ಮಾಡಿದ ದಿನ ಚೆನ್ನ, ಮಾರನೇ ದಿನ ಇನ್ನೂ ಚೆನ್ನ, ಮೂರನೇ ದಿನ ಬೇಡ. ಫ್ರಿಜ್ಜಿನಲ್ಲಿ ಇಟ್ಟರೆ ಗಟ್ಟಿಯಾಗಿ ಮಜಾ ಹೋಗುತ್ತದೆ. ಕಂಪನಿಯ ಪೊಟ್ಟಣದ ಕೇಕು ಕೌಂಟರ್ ಮೇಲೆ ತಿಂಗಳುಗಟ್ಟಲೆ ಆರಾಮಾಗಿ ಕೂತಿರುತ್ತದೆ. ಕೆಟ್ಟರೆ ಏಜೆಂಟ್ ವಾಪಸ್ ತಗೊಂಡು ಹೋಗುತ್ತಾನೆ. ಉಳಿದ ಹನಿ ಕೇಕನ್ನು ಯಾರು ವಾಪಸ್ ತಗೊಳ್ಳುತ್ತಾರೆ?

ಮೂರನೆಯದು ಕೇಳಿ ನಾನು ನಕ್ಕುಬಿಟ್ಟೆ. ಈಗ ಅರ್ಧ ವ್ಯಾಪಾರ ಮೊಬೈಲ್ ಆರ್ಡರಿನಲ್ಲಿ. ಸ್ಕೂಟರಿನ ಹುಡುಗ ಗುಂಡಿ ಹಾರಿಸಿಕೊಂಡು ಹೋಗುತ್ತಾನೆ. ಗಿರಾಕಿ ಡಬ್ಬಿ ತೆಗೆದು ನೋಡಿದರೆ ಜಾಮು ಕೊಬ್ಬರಿ ಎಲ್ಲ ಮುಚ್ಚಳದಲ್ಲಿ, ಕೇಕು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಹಾಗೆ ಕೂತಿರುತ್ತದೆ. ತಕ್ಷಣ ಫೋಟೊ, ದೂರು, ದುಡ್ಡು ವಾಪಸ್. ‘ಇದು ಕೌಂಟರ್ ಮುಂದೆ ನಿಂತು ತಿನ್ನೋ ತಿಂಡಿ ಮಿಸ್. ಈಗ ನಿಲ್ಲೋರು ಯಾರಿದಾರೆ?’ ಅಂದರು. ನೋಡಿದರಾ, ರಸ್ತೆ ಗುಂಡಿ ಈ ಪತ್ರದಲ್ಲೂ ಬಂದೇಬಿಟ್ಟಿತು.

ತೆರಿಗೆ ಇಳಿಯಿತಲ್ಲ, ಅದರಿಂದ ಅನುಕೂಲ ಆಗಲಿಲ್ಲವಾ ಅಂತಲೂ ಕೇಳಿದೆ. ಕೇಕ್, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಗಿದೆ. ಅವರು ಕೈ ತೋರಿಸಿದರು. ‘ತೆರಿಗೆ ಇಳಿದ್ರೆ ಮಾಸ್ಟರ್ ಮಂಡಿ ಸರಿ ಹೋಗತ್ತಾ ಮಿಸ್?’ ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿಕೊಂಡು ಒದ್ದಾಡಿದ್ದು ಎಲ್ಲರಿಗೂ ಗೊತ್ತು. ಅದರ ಸರಿ ತಪ್ಪು ಇಲ್ಲಿ ಬೇಡ. ಅಂಥ ತಲೆನೋವಿನ ನಡುವೆ, ದಿನಾ ಅರ್ಧ ಉಳಿಯುವ ಒಂದು ಟ್ರೇಯನ್ನು ನನ್ನಂಥವರ ಬಾಲ್ಯಕ್ಕೋಸ್ಕರ ಯಾರಾದರೂ ಯಾಕೆ ಮಾಡಬೇಕು ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ಆ ‘ಅರ್ಧ ಟ್ರೇ’ ಅನ್ನುವ ಮಾತಿಗೆ ನನ್ನ ಹತ್ತಿರ ಒಂದು ಲೆಕ್ಕ ಇದೆ. ಗಣಿತದ ಮೇಷ್ಟ್ರಮ್ಮ ಸುಮ್ಮನಿರುವುದು ಕಷ್ಟ. ಅವರ ಟ್ರೇಯಲ್ಲಿ ಒಂದು ಕಡೆ 6, ಇನ್ನೊಂದು ಕಡೆ 8 ಸಾಲು ಕತ್ತರಿಸುತ್ತಾರೆ. ಒಟ್ಟು 48 ತುಂಡು. ಇದರಲ್ಲಿ ಟ್ರೇಯ ಅಂಚಿಗೆ ತಾಗಿದ ತುಂಡು ಎಷ್ಟು, ತಾಗದ ತುಂಡು ಎಷ್ಟು? ಸುತ್ತಲಿನ ಒಂದೊಂದು ಸಾಲು ತೆಗೆದರೆ ಒಳಗೆ ಉಳಿಯುವುದು 4 ಸಾಲು 6. ಅಂದರೆ 24. ಅಂಚಿನದೂ 24, ನಡುವಿನದೂ 24. ಅಂಚಿನ ತುಂಡಿಗೆ ಒಂದು ಪಕ್ಕ ಸ್ವಲ್ಪ ಗಟ್ಟಿ, ಮೂಲೆಯದಕ್ಕೆ ಎರಡು ಪಕ್ಕ ಗಟ್ಟಿ. ನಡುವಿನದು ನಾಲ್ಕೂ ಕಡೆ ಮೆತ್ತಗೆ. ನಮ್ಮ ಮನೆಯಲ್ಲಿ ಜಗಳ ಆಗುತ್ತಿದ್ದದ್ದು ಅದಕ್ಕೇ. ಈ ಲೆಕ್ಕವನ್ನು ನಾನು ಎಷ್ಟೋ ವರ್ಷ ಕ್ಲಾಸಿನಲ್ಲಿ ಕೊಟ್ಟಿದ್ದೇನೆ. ಅಂಚಿನ ತುಂಡೂ ನಡುವಿನ ತುಂಡೂ ಸಮ ಆಗಬೇಕಾದರೆ ಟ್ರೇಯನ್ನು ಎಷ್ಟು ಸಾಲು ಕತ್ತರಿಸಬೇಕು? ಉತ್ತರ ಎರಡೇ. ಆರು ಎಂಟು, ಇಲ್ಲವೇ ಐದು ಹನ್ನೆರಡು. ಬೀಜಗಣಿತ ಅಂದರೆ ಹೆದರುವ ಮಕ್ಕಳೂ ಕೇಕ್ ಅಂದರೆ ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದರು. ಬೇಕರಿಯವರ ಮಗಳು ಮಾತ್ರ ಲೆಕ್ಕ ಮಾಡದೆ ಉತ್ತರ ಹೇಳಿದಳು. ‘ನಮ್ಮಪ್ಪ ಹಾಗೇ ಕತ್ತರಿಸ್ತಾರೆ ಮಿಸ್.’

ಹಾಗಾಗಿ ಅರ್ಧ ಟ್ರೇ ಅಂದರೆ 24 ಜನ. ಒಂದು ಬೀದಿಯಲ್ಲಿ 24 ಜನ ಸಿಗುವುದಿಲ್ಲವಾ? ನಾವು ಬೆಳಿಗ್ಗೆ ಪಾರ್ಕಿನಲ್ಲಿ ನಡೆಯಲು ಹೋಗುವವರ ಒಂದು ಗುಂಪಿದೆ. ಅಲ್ಲಿ ಮಾತು ಹಾಕಿದೆ. ಅರ್ಧದಷ್ಟು ಜನರಿಗೆ ಸಕ್ಕರೆ ಕಾಯಿಲೆ, ಅದು ಒಂದು ತೊಂದರೆ. ಆದರೂ ‘ಮೊಮ್ಮಕ್ಕಳಿಗೆ’ ಅಂತ ಹೇಳಿ ಹೆಸರು ಬರೆಸಿದರು. ಮೊಮ್ಮಕ್ಕಳಿಗೆ ಎಷ್ಟು ಸಿಗುತ್ತದೋ ದೇವರಿಗೇ ಗೊತ್ತು. ಪಟ್ಟಿ ತಗೊಂಡು ಹೋಗಿ ಕೊಟ್ಟಾಗ ಬೇಕರಿಯವರು ಒಂದು ಮಾತು ಒಪ್ಪಿಕೊಂಡರು. ಮಾಸ್ಟರ್ ಇರುವ ತನಕ ಶನಿವಾರ ಒಂದು ಟ್ರೇ ಮಾಡುತ್ತಾರೆ, ಶುಕ್ರವಾರ ರಾತ್ರಿ ಒಳಗೆ ಹೇಳಿಬಿಡಬೇಕು. ಮಾಸ್ಟರ್ ಹೋದ ಮೇಲೆ ಏನು ಅಂದರೆ ಅವರ ಹತ್ತಿರವೂ ಉತ್ತರವಿಲ್ಲ.

ಈ ಪತ್ರದ ಮುಖ್ಯ ಬೇಡಿಕೆ ಇಲ್ಲಿದೆ ಸಂಪಾದಕರೇ. ಜಾಗ ಸಾಲದೆ ಪತ್ರ ಕತ್ತರಿಸುವುದಾದರೆ ನನ್ನ ವಠಾರ, ಅಜ್ಜಿ ಎಲ್ಲ ಕತ್ತರಿಸಿ, ಇದೊಂದು ಬಿಡಿ.

ಹನಿ ಕೇಕಿನ ಅಳತೆ ಆ ಮಾಸ್ಟರ್ ಕೈಯಲ್ಲಿದೆ, ಕಾಗದದ ಮೇಲಿಲ್ಲ. ‘ಮೈದಾ ಇಷ್ಟು, ಮೊಸರು ನೋಡ್ಕೊಂಡು ಹಾಕೋದು’ ಅಂತಾರೆ. ಮೊಸರು ನೋಡಿಕೊಂಡು ಹಾಕಲು ನೋಡಿದವರು ಬೇಕಲ್ಲ! ಯೂಟ್ಯೂಬಿನಲ್ಲಿ ಮನೆಯಲ್ಲಿ ಮಾಡುವ ಹನಿ ಕೇಕ್ ಬೇಕಾದಷ್ಟಿವೆ. ನಾನೂ ಮಾಡಿದೆ, ತಿನ್ನಬಹುದು. ಆದರೆ ಕುಕ್ಕರಿನಲ್ಲಿ ಬೇಯಿಸಿದ ಒಂದು ಕೇಕಿಗೂ ಬೇಕರಿಯ ಟ್ರೇಗೂ ಸಂಬಂಧವಿಲ್ಲ. ನಮ್ಮ ರಾಜ್ಯದಲ್ಲಿ ಇದನ್ನು ಸರಿಯಾಗಿ ದಾಖಲಿಸಬಲ್ಲ ಸಂಸ್ಥೆಗಳಿವೆ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ. ಬೇಕರಿ ಹಾಕಬೇಕು ಅನ್ನುವ ಎಷ್ಟೋ ಜನ ಅಲ್ಲಿ ಕಲಿತು ಬಂದಿದ್ದಾರೆ. ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದೆ, ಹಿಟ್ಟು ಮತ್ತು ಬೇಕರಿ ತಿಂಡಿಗಳಿಗೇ ಅಂತ ಅಲ್ಲೊಂದು ವಿಭಾಗ ಇದೆ. ಇವರಲ್ಲಿ ಯಾರಾದರೂ ಹಳೆಯ ಬೇಕರಿಗಳ ನಾಲ್ಕಾರು ಮಾಸ್ಟರ್‌ಗಳ ಜೊತೆ ನಿಂತು ಹನಿ ಕೇಕು, ದಿಲ್‌ಪಸಂದ್, ಖಾರ ಬನ್ನು, ನಿಪ್ಪಟ್ಟು ಇವುಗಳ ಅಳತೆಯನ್ನು ಗ್ರಾಮ್ ಲೆಕ್ಕದಲ್ಲಿ ಬರೆದಿಡಬೇಕು. ಪಾಕದ ಹದ ಥರ್ಮಾಮೀಟರಿನಲ್ಲಿ ಎಷ್ಟು ಡಿಗ್ರಿ ಅಂತ ನೋಡಬೇಕು. ಇದಕ್ಕೇನೂ ಕೋಟಿಗಟ್ಟಲೆ ಬೇಕಿಲ್ಲ. ಮಾಸ್ಟರ್‌ಗಳು ಊರಿಗೆ ಹೋಗುವ ಮುಂಚೆ ಆಗಬೇಕು, ಅಷ್ಟೇ.

ಹಾಗೆ ಬರೆಯುವಾಗ ಜಾಮಿನ ಬಣ್ಣದ ಬಗ್ಗೆಯೂ ಯೋಚಿಸಲಿ. ಹಳೆಯದೆಲ್ಲ ಅಮೃತ ಅಂತ ನಾನು ಹೇಳುವುದಿಲ್ಲ. ನಾವು ಚಿಕ್ಕವರಿದ್ದಾಗ ಕೇಕ್ ತಿಂದ ಮೇಲೆ ನಾಲಿಗೆ ಅಷ್ಟೊಂದು ಕೆಂಪಾಗುತ್ತಿತ್ತಲ್ಲ, ಅದು ಹಣ್ಣಿನ ಕೆಂಪು ಇರಲಿಕ್ಕಿಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳ ಕೇಕ್ ಪರೀಕ್ಷೆ ಮಾಡಿಸಿದಾಗ 235 ಮಾದರಿಗಳಲ್ಲಿ 12 ಸುರಕ್ಷಿತವಲ್ಲ ಅಂತ ಬಂತು. ಕಾರಣ ಕೃತಕ ಬಣ್ಣ. ಆಗ ಹೆಚ್ಚು ಹೆಸರು ಕೇಳಿದ್ದು ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ಗಳದ್ದು. ಆದರೆ ಕೆಂಪು ಜಾಮಿನ ಕೇಕಿನ ಪರ ವಾದ ಮಾಡುವವಳು ಅದನ್ನು ಮುಚ್ಚಿಡಬಾರದು. ಸ್ವಲ್ಪ ಮಾಸಲು ಕೆಂಪಾದರೂ ಪರವಾಗಿಲ್ಲ. ತಿನ್ನುವಾಗ ಯಾರು ಬಣ್ಣ ನೋಡುತ್ತಾರೆ?

ನನ್ನ ಮಗಳು ಈ ಪತ್ರ ಓದಿ, ‘ಅಮ್ಮ, ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆ ಇವೆ’ ಅಂದಳು. ಇವೆ, ಒಪ್ಪಿದೆ. ಆಮೇಲೆ ಅವಳೇ, ‘ನನ್ನ ಮೊದಲನೇ ಹುಟ್ಟುಹಬ್ಬದ ಕೇಕ್ ಯಾವುದು?’ ಅಂತ ಕೇಳಿದಳು. ಅದೂ ಹನಿ ಕೇಕೇ. ನಾಲ್ಕು ತುಂಡು ಪಕ್ಕ ಪಕ್ಕ ಜೋಡಿಸಿ ದೊಡ್ಡದು ಮಾಡಿ, ನಡುವೆ ಒಂದು ಮೇಣದಬತ್ತಿ ನಿಲ್ಲಿಸಿದ್ದೆವು. ಪಾಕಕ್ಕೆ ಬತ್ತಿ ವಾಲಿ ವಾಲಿ ಬೀಳುತ್ತಿತ್ತು, ಅವಳ ಅಪ್ಪ ಬೆರಳಲ್ಲಿ ಹಿಡಿದುಕೊಂಡೇ ಹಾಡು ಹೇಳಿದರು. ಮಗಳು ಈಗ ತನ್ನ ಹೆಸರನ್ನೂ ಶನಿವಾರದ ಪಟ್ಟಿಗೆ ಸೇರಿಸಿದ್ದಾಳೆ. ನಡುವಿನ ತುಂಡೇ ಬೇಕಂತೆ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬಡಾವಣೆಯಲ್ಲಿ, ಅದು ಬೆಂಗಳೂರಾಗಲಿ, ಹಾಸನ, ಮೈಸೂರು, ತುಮಕೂರಾಗಲಿ, ಹನಿ ಕೇಕನ್ನು ಇನ್ನೂ ತಾವೇ ಪಾಕ ಕುಡಿಸಿ ಮಾಡುವ ಬೇಕರಿ ಇದ್ದರೆ ಈ ಅಂಕಣಕ್ಕೆ ನಾಲ್ಕು ಸಾಲು ಬರೆಯಿರಿ. ಯಾವ ಬಡಾವಣೆ, ವಾರದಲ್ಲಿ ಯಾವ ದಿನ, ಮೊಟ್ಟೆ ಹಾಕುತ್ತಾರೋ ಇಲ್ಲವೋ, ಇಷ್ಟು ಸಾಕು. ಮಾಸ್ಟರ್‌ಗೆ ವಯಸ್ಸಾಗಿದ್ದರೆ ಅದನ್ನೂ ಬರೆಯಿರಿ. ಸಂಪಾದಕರು ಒಪ್ಪಿದರೆ ಆ ಪತ್ರಗಳನ್ನೆಲ್ಲ ಪಟ್ಟಿ ಮಾಡಿ, ಹೆಬ್ಬಾಳಕ್ಕೂ ಮೈಸೂರಿಗೂ ನಾನೇ ಅಂಚೆಯಲ್ಲಿ ಕಳಿಸುತ್ತೇನೆ. ನಿವೃತ್ತಿ ಆದ ಮೇಲೆ ಪೇಪರ್ ಕರೆಕ್ಷನ್ ಇಲ್ಲದೆ ಕೈ ಖಾಲಿ ಇದೆ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ಶ್ರೀನಗರ, ಬೆಂಗಳೂರು